ಔಟ್‌ಲೈನ್ ಮತ್ತು ಕಾಂಟೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯುವವರು, ಚಿತ್ರ ಬರೆಯುವವರು, ಭೂಗೋಳ ಓದುವ ಮಕ್ಕಳು, ಡಿಸೈನ್ ಕೆಲಸದವರು, ಅನುವಾದಕರು ಮಾತಿನ ನಡುವೆ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಬುಡದಿಂದ ಶುರು

ಔಟ್‌ಲೈನ್ ಅಂದ್ರೂ ಹೊರಗೆರೆ, ಕಾಂಟೂರ್ ಅಂದ್ರೂ ಹೊರಗೆರೆ. ಹಾಗಾದ್ರೆ ವ್ಯತ್ಯಾಸ ಏನು?

ವಸ್ತು ಎಲ್ಲಿಗೆ ಮುಗಿಯಿತು ಎಂದು ಔಟ್‌ಲೈನ್ ಹೇಳುತ್ತದೆ. ಅದರ ಮೈ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಹೇಗೆ ಬಾಗಿದೆ ಎಂದು ಕಾಂಟೂರ್ ಹೇಳುತ್ತದೆ. ಔಟ್‌ಲೈನಿಗೆ ಒಳಗೆ ಏನಿದೆ ಅನ್ನುವುದು ಬೇಕಿಲ್ಲ. ಕಾಂಟೂರ್‌ಗೆ ಅದೇ ಮುಖ್ಯ.

ಒಂದು ದ್ವೀಪದ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಡಿ. ಒಂದು ಔಟ್‌ಲೈನ್ ಮ್ಯಾಪ್. ಅದರಲ್ಲಿ ಕರಾವಳಿಯ ಗೆರೆ ಮಾತ್ರ ಇದೆ, ಒಳಗೆಲ್ಲ ಖಾಲಿ. ಊರು, ನದಿ ಗುರುತಿಸಲು ಮಕ್ಕಳಿಗೆ ಕೊಡುತ್ತಾರಲ್ಲ, ಅದೇ. ಇನ್ನೊಂದು ಕಾಂಟೂರ್ ಮ್ಯಾಪ್. ಅದರಲ್ಲಿ ಕರಾವಳಿಯ ಒಳಗೆ ಒಂದರೊಳಗೊಂದು ಸುತ್ತುವ ಗೆರೆಗಳಿವೆ. ಬೆಟ್ಟ ಎಲ್ಲಿದೆ, ಯಾವ ಕಡೆ ಕಡಿದಾಗಿದೆ, ಯಾವ ಕಡೆ ನಿಧಾನ ಇಳಿಜಾರು, ಎಲ್ಲ ಅದರಲ್ಲಿ ಓದಬಹುದು. ಮೊದಲನೆಯ ನಕ್ಷೆಯಿಂದ ದ್ವೀಪದ ಆಕಾರ ಗೊತ್ತಾಯಿತು. ಎರಡನೆಯದರಿಂದ ನೆಲ ಗೊತ್ತಾಯಿತು.

ಇಲ್ಲೊಂದು ಸೊಗಸಿದೆ. ಸಮುದ್ರಮಟ್ಟದಿಂದಲೇ ಎತ್ತರ ಅಳೆಯುವುದರಿಂದ ಕರಾವಳಿಯ ಗೆರೆ ಹೆಚ್ಚೂಕಡಿಮೆ ಸೊನ್ನೆ ಮೀಟರಿನ ಕಾಂಟೂರ್. ಅಂದರೆ ಔಟ್‌ಲೈನ್ ಇಲ್ಲಿ ಹಲವು ಕಾಂಟೂರ್‌ಗಳಲ್ಲಿ ಒಂದು, ಎಲ್ಲಕ್ಕಿಂತ ಹೊರಗಿನದು. ಎರಡು ಪದಗಳು ಯಾಕೆ ಇಷ್ಟು ಹತ್ತಿರ, ಆದರೂ ಯಾಕೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಡಿಕ್ಷನರಿಯಲ್ಲಿ ಕಾಂಟೂರ್‌ಗೆ 'ಔಟ್‌ಲೈನ್' ಅಂತಲೇ ಅರ್ಥ ಕೊಟ್ಟಿದ್ದಾರಲ್ಲ, ಅದು ತಪ್ಪಾ?

ತಪ್ಪಲ್ಲ. ಆದರೆ ಆ ಸಾಲನ್ನು ಪೂರ್ತಿ ಓದಬೇಕು. ಬಾಗಿದ ಅಥವಾ ಅಂಕುಡೊಂಕಾದ ಆಕಾರದ ಹೊರಗೆರೆ ಎಂದು ಸಾಮಾನ್ಯವಾಗಿ ಅಲ್ಲೇ ಸೇರಿಸಿರುತ್ತಾರೆ. ಮುಖಕ್ಕೆ, ಬೆಟ್ಟದ ಸಾಲಿಗೆ, ಕರಾವಳಿಗೆ, ಕಾರಿನ ಬಾಡಿಗೆ ಕಾಂಟೂರ್ ಎನ್ನಬಹುದು. ಚೌಕಕ್ಕೆ ಕಾಂಟೂರ್ ಎಂದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಕಿವಿಗೆ ಒಗ್ಗುವುದಿಲ್ಲ. ಚೌಕಕ್ಕೆ ಔಟ್‌ಲೈನ್ ಸಾಕು.

ಬಾಗಿದ ವಸ್ತುವಿನ ಅಂಚಿನ ಬಗ್ಗೆ ಮಾತಾಡುವಾಗ ಎರಡೂ ಪದ ಸರಿಹೋಗುವ ಜಾಗ ನಿಜವಾಗಿಯೂ ಇದೆ. ಅಲ್ಲಿ ಆಯ್ಕೆ ನಿಮ್ಮದು. ಅಂಚನ್ನು ಗುರುತಿಸಿ ಮುಂದೆ ಹೋಗುತ್ತಿದ್ದೀರಾ? ಔಟ್‌ಲೈನ್. ಅಂಚಿನ ಏರಿಳಿತವನ್ನು ಓದುಗರು ಕಣ್ಣಲ್ಲಿ ಸವರಲಿ ಅಂತ ಇದೆಯಾ? ಕಾಂಟೂರ್.

ಉಚ್ಚಾರಣೆ ಹೇಗೆ? ಕೆಲವರು 'ಕಂಟೋರ್' ಅಂತಾರೆ.

ಕಾಂಟೂರ್. ಒತ್ತು ಮೊದಲ ಅಕ್ಷರದ ಮೇಲೆ. ಔಟ್‌ಲೈನಿಗೂ ಒತ್ತು ಮೊದಲಲ್ಲೇ. ಬರೆಯುವಾಗ ಔಟ್ ಮತ್ತು ಲೈನ್ ನಡುವೆ ಜಾಗ ಬಿಡಬೇಡಿ, ಅದು ಒಂದೇ ಪದ.

ಈ ಪದಗಳು ಎಲ್ಲಿಂದ ಬಂದವು? ಮೂಲ ಗೊತ್ತಾದ್ರೆ ನೆನಪಿಡೋದು ಸುಲಭ.

ಔಟ್‌ಲೈನ್ ಇಂಗ್ಲಿಷಿನ ಮನೆಮಾತು. ಹೊರಗಿನ ಗೆರೆ, ಅಷ್ಟೇ. ಕಾಂಟೂರ್ ಫ್ರೆಂಚಿನಿಂದ ಬಂತು, ಫ್ರೆಂಚಿಗೆ ಇಟಾಲಿಯನ್ನಿನಿಂದ. ಇಟಾಲಿಯನ್ನಿನಲ್ಲಿ 'ಕೊಂತೊರ್ನಾರೆ' ಎಂದರೆ ಸುತ್ತಿಕೊಂಡು ಹೋಗು. ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ಲೇತ್‌ನಲ್ಲಿ ತಿರುಗಿಸಿ ರೂಪ ಕೊಡು ಎಂಬ ಅರ್ಥ. ಇಂಗ್ಲಿಷಿನ 'ಟರ್ನ್' ಕೂಡ ಅದೇ ಬೇರಿನದು.

ಎರಡೂ 17ನೇ ಶತಮಾನದಲ್ಲಿ ಇಂಗ್ಲಿಷ್ ಬರಹಕ್ಕೆ ಬಂದವು. ಕಾಂಟೂರ್ ಮೊದಲಿಗೆ ಚಿತ್ರಕಾರರ, ಶಿಲ್ಪಿಗಳ ಪದ. ನಕ್ಷೆಯವರು ಅದನ್ನು ಎತ್ತಿಕೊಂಡದ್ದು ಬಹಳ ಆಮೇಲೆ. ತಿರುಗುವುದು, ಸುತ್ತುವುದು ಎಂಬ ಆ ಹಳೆಯ ಅರ್ಥ ಇವತ್ತಿಗೂ ಪದದೊಳಗೆ ಜೀವಂತವಾಗಿದೆ.

ಸಿಲುಯೆಟ್, ಪ್ರೊಫೈಲ್ ಇವೂ ಔಟ್‌ಲೈನೇ ಅಲ್ವಾ?

ನೆಂಟರು, ಆದರೆ ಬೇರೆ ಬೇರೆ. ಔಟ್‌ಲೈನ್ ಗೆರೆ. ಆ ಗೆರೆಯೊಳಗೆ ಪೂರ್ತಿ ಕಪ್ಪು ತುಂಬಿದರೆ ಸಿಲುಯೆಟ್. ಸಂಜೆಯ ಆಕಾಶದ ಎದುರು ಮರ ಕಪ್ಪಾಗಿ ಕಾಣುತ್ತದಲ್ಲ, ಅದು ಸಿಲುಯೆಟ್. ಪ್ರೊಫೈಲ್ ಅಂದರೆ ಪಕ್ಕದಿಂದ ನೋಡಿದ ನೋಟ. ಹಣೆ, ಮೂಗು, ತುಟಿ, ಗದ್ದ ಒಂದೇ ಸಾಲಿನಲ್ಲಿ ಕಾಣುವ ನೋಟ. ಕಾಗದ ಕತ್ತರಿಸಿ ಮಾಡಿದ ಹಳೆಯ ಮುಖಚಿತ್ರಗಳು ಬಹುಪಾಲು ಪ್ರೊಫೈಲಿನಲ್ಲೇ ಇರುತ್ತವೆ. ಎದುರಿನಿಂದ ಕತ್ತರಿಸಿದರೆ ಯಾರ ಮುಖವೂ ಗುರುತು ಸಿಗುವುದಿಲ್ಲ.

ಸಿಲುಯೆಟ್ ಒಬ್ಬ ಮನುಷ್ಯನ ಹೆಸರು. ಎತಿಯೆನ್ ದ ಸಿಲುಯೆಟ್ 1759ರಲ್ಲಿ ಕೆಲವೇ ತಿಂಗಳು ಫ್ರಾನ್ಸಿನ ಹಣಕಾಸು ನೋಡಿಕೊಂಡವರು. ಖರ್ಚು ಕಡಿತಕ್ಕೆ ಹೆಸರಾಗಿದ್ದರು. ಅಗ್ಗದ ಮುಖಚಿತ್ರಗಳಿಗೆ ಅವರ ಹೆಸರು ಅಂಟಿಕೊಂಡಿತು.

ಇದೇ ಸಾಲಿನಲ್ಲಿ ನೆನಪಾಗುವುದು ರೋಮನ್ ಲೇಖಕ ಪ್ಲಿನಿ ಹೇಳಿದ ಕಥೆ. ಗ್ರೀಸಿನಲ್ಲಿ ಬ್ಯುಟಾಡೀಸ್ ಎಂಬ ಕುಂಬಾರನ ಮಗಳಿದ್ದಳು. ಅವಳ ಪ್ರಿಯಕರ ದೂರ ಹೋಗುವವನಿದ್ದ. ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬಿದ್ದ ಅವನ ಮುಖದ ನೆರಳಿನ ಸುತ್ತ ಅವಳು ಗೆರೆ ಎಳೆದಳು. ಅಪ್ಪ ಆ ಗೆರೆಯೊಳಗೆ ಜೇಡಿಮಣ್ಣು ಒತ್ತಿ ಉಬ್ಬುಮುಖ ಮಾಡಿ ಸುಟ್ಟ. ಗೋಡೆಯ ಮೇಲಿನ ನೆರಳು ಸಿಲುಯೆಟ್, ಮಗಳು ಎಳೆದದ್ದು ಔಟ್‌ಲೈನ್, ಅಪ್ಪ ಮಣ್ಣಿನಲ್ಲಿ ಕೊಟ್ಟದ್ದು ಕಾಂಟೂರ್.

## ಬರೆಯುವಾಗ, ಮಾತಾಡುವಾಗ

ಪರೀಕ್ಷೆಯಲ್ಲಿ 'ಔಟ್‌ಲೈನ್ ದಿ ಕಾಸಸ್' ಅಂತ ಬಂದ್ರೆ ಎಷ್ಟು ಬರೀಬೇಕು?

ಮುಖ್ಯ ಅಂಶಗಳು, ಅವುಗಳ ನಡುವಿನ ಸಂಬಂಧ, ಅಷ್ಟು ಸಾಕು. ಕಾರಣಗಳನ್ನು ಹೆಸರಿಸಿ, ಒಂದೊಂದಕ್ಕೂ ಒಂದೆರಡು ವಾಕ್ಯ ಬರೆಯಿರಿ. ವಾದ ಮಾಡಬೇಕಿಲ್ಲ, ಉದಾಹರಣೆಗಳ ರಾಶಿ ಹಾಕಬೇಕಿಲ್ಲ. 'ಡಿಸ್ಕಸ್' ಅಂತ ಕೇಳಿದ್ದರೆ ಲೆಕ್ಕ ಬೇರೆ. ಒಳಗಿನ ವಿವರ ಬಿಟ್ಟು ಹೊರ ಆಕಾರ ಕೊಡು ಎನ್ನುವುದೇ ಈ ಕ್ರಿಯಾಪದದ ಅರ್ಥ. ಎಲ್ಲ ಗೊತ್ತಿದ್ದೂ ಸಮಯ ಸಾಲದೆ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲೇ ಜಾಸ್ತಿ ಬರೆದಿರುತ್ತಾರೆ.

ಔಟ್‌ಲೈನ್‌ಗೂ ಸಮ್ಮರಿಗೂ ಏನು ವ್ಯತ್ಯಾಸ?

ಸಮ್ಮರಿ ಆಗಲೇ ಇರುವ ಬರಹದ ಸಾರ. ಔಟ್‌ಲೈನ್ ಸಾಮಾನ್ಯವಾಗಿ ಬರೆಯುವ ಮುಂಚಿನ ಚೌಕಟ್ಟು. ಸಮ್ಮರಿ ಪೂರ್ಣ ವಾಕ್ಯಗಳಲ್ಲಿ ಹರಿಯುತ್ತದೆ. ಔಟ್‌ಲೈನ್ ತಲೆಬರಹ, ಉಪತಲೆಬರಹಗಳಲ್ಲಿ ನಿಂತರೂ ನಡೆಯುತ್ತದೆ.

ಎರಡನ್ನೂ ಕ್ರಿಯಾಪದವಾಗಿ ಬಳಸಬಹುದಾ?

ಬಳಸಬಹುದು, ಆದರೆ ಕೆಲಸ ಬೇರೆ. ಔಟ್‌ಲೈನ್ ಮಾಡುವುದು ಎಂದರೆ ಒಂದೋ ಸುತ್ತ ಗೆರೆ ಎಳೆಯುವುದು, ಇಲ್ಲವೇ ಯೋಜನೆಯ ಮುಖ್ಯಾಂಶ ಹೇಳುವುದು. ಮಂತ್ರಿ ಯೋಜನೆಯನ್ನು ಔಟ್‌ಲೈನ್ ಮಾಡಬಹುದು. ಯೋಜನೆಯನ್ನು ಕಾಂಟೂರ್ ಮಾಡಲು ಬರುವುದಿಲ್ಲ.

ಕಾಂಟೂರ್ ಕ್ರಿಯಾಪದವಾದಾಗ ಮೈಗೆ ತಕ್ಕ ಹಾಗೆ ರೂಪ ಕೊಡುವುದು ಎಂದಾಗುತ್ತದೆ. ಬೆನ್ನಿನ ಬಾಗಿಗೆ ಹೊಂದುವ ಕುರ್ಚಿ 'ಕಾಂಟೂರ್ಡ್'. ಅದೇ ಕುರ್ಚಿ 'ಔಟ್‌ಲೈನ್ಡ್' ಎಂದರೆ ಯಾರೋ ಅದರ ಸುತ್ತ ಗೆರೆ ಎಳೆದಿದ್ದಾರೆ ಅಂತ ಅರ್ಥ.

'ಔಟ್‌ಲೈನ್ಡ್ ಅಗೇನ್ಸ್ಟ್ ದಿ ಸ್ಕೈ' ಎಂಬ ಬಳಕೆಯನ್ನೂ ತಿಳಿದಿರಿ. ಆಕಾಶದ ಎದುರು ಆಕಾರ ಎದ್ದು ಕಾಣುವುದಕ್ಕೆ ಹೀಗೆ ಹೇಳುತ್ತಾರೆ. ಅಲ್ಲಿ ಕಾಂಟೂರ್ ಬಳಸುವುದಿಲ್ಲ.

ಕಾಂಟೂರ್ ಯಾಕೆ ಯಾವಾಗಲೂ ಬಹುವಚನದಲ್ಲೇ ಕಾಣ್ತದೆ?

ಯಾವಾಗಲೂ ಅಲ್ಲ, ಆದರೆ ಜಾಸ್ತಿ. ಮೈಯೊಂದಕ್ಕೆ ಬಾಗು ಒಂದೇ ಇರುವುದಿಲ್ಲ. ಮುಖ ಎಂದರೆ ಕೆನ್ನೆಯ ಬಾಗು, ದವಡೆಯ ಬಾಗು, ಹುಬ್ಬಿನ ಬಾಗು. ಹಾಗಾಗಿ 'ದಿ ಕಾಂಟೂರ್ಸ್ ಆಫ್ ದಿ ಫೇಸ್'. ಹೊರ ಅಂಚು ಒಂದೇ ಆದ್ದರಿಂದ ಔಟ್‌ಲೈನ್ ಹೆಚ್ಚಾಗಿ ಏಕವಚನದಲ್ಲಿರುತ್ತದೆ.

ಸಂಪಾದಕೀಯಗಳಲ್ಲಿ 'ಕಾಂಟೂರ್ಸ್ ಆಫ್ ದಿ ಡಿಬೇಟ್' ಅಂತ ಓದ್ತೀವಿ. ಅಲ್ಲಿ ಔಟ್‌ಲೈನ್ ಹಾಕಿದ್ರೆ ಆಗಲ್ವಾ?

ಹಾಕಬಹುದು, ಆದರೆ ಅರ್ಥ ಬದಲಾಗುತ್ತದೆ. ಈ ಪ್ರಶ್ನೆ ನನಗೆ ತುಂಬ ಇಷ್ಟ, ಯಾಕೆಂದರೆ ಎರಡು ಪದಗಳ ಸ್ವಭಾವ ಇಲ್ಲಿ ಬಯಲಾಗುತ್ತದೆ.

ಚರ್ಚೆಯ ಔಟ್‌ಲೈನ್ ಕೊಡುವುದು ಎಂದರೆ ನೀವು ಅದನ್ನು ಚಿಕ್ಕದಾಗಿ ಹೇಳಿದಿರಿ: ಇವರು ಹೀಗೆ ಅಂದರು, ಅವರು ಹಾಗೆ ಅಂದರು. ಚರ್ಚೆಯ ಕಾಂಟೂರ್ಸ್ ಎಂದರೆ ಚರ್ಚೆಗೇ ಒಂದು ನೆಲ ಇದೆ, ಅದಕ್ಕೆ ದಿಬ್ಬ ತಗ್ಗುಗಳಿವೆ, ಮಾತು ಸರಾಗವಾಗಿ ಹರಿಯುವ ಕಡೆ ಇದೆ, ಮುಗ್ಗರಿಸುವ ಕಡೆಯೂ ಇದೆ ಎಂದು ಒಪ್ಪಿಕೊಂಡು ಅದನ್ನು ಓದುತ್ತಿದ್ದೀರಿ. ಔಟ್‌ಲೈನ್ ಮನುಷ್ಯ ಮಾಡಿಕೊಡುವ ವಸ್ತು. ಕಾಂಟೂರ್ ಅಲ್ಲೇ ಇರುವುದು, ನಾವು ಕಂಡುಕೊಳ್ಳುವುದು. 'ನಾನೊಂದು ಔಟ್‌ಲೈನ್ ಕಳಿಸುತ್ತೇನೆ' ಎನ್ನಬಹುದು. 'ನಾನೊಂದು ಕಾಂಟೂರ್ ಕಳಿಸುತ್ತೇನೆ' ಎಂದು ಯಾರೂ ಹೇಳುವುದಿಲ್ಲ, ನಕ್ಷೆಯವರನ್ನು ಬಿಟ್ಟು.

'ಇನ್ ಔಟ್‌ಲೈನ್' ಎಂಬ ನುಡಿಗಟ್ಟು ಇದೆ. ವಿವರ ಬಿಟ್ಟು, ಸ್ಥೂಲವಾಗಿ ಎಂದು ಅರ್ಥ. 'ಇನ್ ಕಾಂಟೂರ್' ಎಂಬ ನುಡಿಗಟ್ಟು ಆ ಅರ್ಥದಲ್ಲಿ ಇಲ್ಲ.

ಕನ್ನಡಕ್ಕೆ ತರುವಾಗ ಎರಡಕ್ಕೂ 'ರೂಪುರೇಷೆ' ಹಾಕಿಬಿಡಬಹುದಾ?

ಬೇಡ. ರೂಪುರೇಷೆ ಯೋಜನೆ, ಕಾರ್ಯಕ್ರಮ, ಪುಸ್ತಕದ ಔಟ್‌ಲೈನಿಗೆ ಚೆನ್ನಾಗಿ ಕೂರುತ್ತದೆ. ಚಿತ್ರದ ಔಟ್‌ಲೈನಿಗೆ ಹೊರಗೆರೆ, ಹೊರರೇಖೆ ಸಾಕು. ನಕ್ಷೆಯ ಕಾಂಟೂರ್‌ಗೆ ಪಠ್ಯದ ಪದ ಸಮೋನ್ನತಿ ರೇಖೆ ಇದ್ದೇ ಇದೆ. ಹೊಲದ ಕಾಂಟೂರ್ ಬದುವಿಗೆ ಸಮಪಾತಳಿ ಬದು.

ಮುಖದ, ಮೈಯ, ಶಿಲ್ಪದ ಕಾಂಟೂರ್ ಬಂದಾಗ ಒಂದೇ ಪದ ಹುಡುಕುತ್ತಾ ಕೂರಬೇಡಿ. ಬಾಗು, ಬಳುಕು, ಏರಿಳಿತ, ಉಬ್ಬುತಗ್ಗು, ಮೈಮಾಟ ಇವುಗಳಲ್ಲಿ ಸಂದರ್ಭಕ್ಕೆ ಹೊಂದುವುದನ್ನು ಆರಿಸಿ. ಶಾಸ್ತ್ರದ ಪದಕ್ಕೆ ಒಂದೇ ಅನುವಾದ ಇರಬೇಕು, ಸರಿ. ಕಥೆಯ ಸಾಲಿಗೆ ಆ ಕಟ್ಟುಪಾಡು ಯಾಕೆ?

## ಪೆನ್ಸಿಲ್ ಹಿಡಿದವರಿಗೆ

ನಮ್ಮ ಡ್ರಾಯಿಂಗ್ ಮೇಷ್ಟ್ರು 'ಇದು ಔಟ್‌ಲೈನ್ ಆಯ್ತು, ನಂಗೆ ಕಾಂಟೂರ್ ಬೇಕು' ಅಂತಾರೆ. ಏನು ಮಾಡಲಿ?

ನಿಮ್ಮ ಎಡಗೈಯನ್ನೇ ನೋಡಿ. ಕಾಗದದ ಮೇಲೆ ಅಂಗೈ ಚಪ್ಪಟೆಯಾಗಿಟ್ಟು, ಬೆರಳುಗಳ ಸುತ್ತ ಪೆನ್ಸಿಲ್ ಓಡಿಸಿದರೆ ಬರುವುದು ಔಟ್‌ಲೈನ್. ಅದು ಹಸ್ತವೋ ಗ್ಲೌಸೋ ಹೇಳಲು ಬರುವುದಿಲ್ಲ. ಅಂಗೈಯೋ ಕೈಯ ಹಿಂಬದಿಯೋ ಅದೂ ತಿಳಿಯುವುದಿಲ್ಲ.

ಈಗ ಕೈಯನ್ನು ಸ್ವಲ್ಪ ಸಡಿಲವಾಗಿ ಮಡಚಿ ಮೇಜಿನ ಮೇಲಿಡಿ. ಹೆಬ್ಬೆರಳು ತೋರುಬೆರಳಿನ ಮೇಲೆ ಹಾದು ಬಂದಿದೆ. ಅಲ್ಲಿ ಹೆಬ್ಬೆರಳಿನ ಗೆರೆ ಮುಂದಕ್ಕೆ ಹೋಗುತ್ತದೆ, ತೋರುಬೆರಳಿನ ಗೆರೆ ಅದರ ಹಿಂದೆ ಮರೆಯಾಗುತ್ತದೆ. ಗೆಣ್ಣಿನ ಹತ್ತಿರ ಚರ್ಮ ಮಡಿಕೆ ಬಿದ್ದು ಒಂದು ಗೆರೆ ಒಳಗೆ ಹೊಕ್ಕು ಮುಗಿದುಹೋಗುತ್ತದೆ. ಉಗುರು ಬೆರಳಿನ ತುದಿಯನ್ನು ಸುತ್ತಿಕೊಂಡು ಕೂತಿದೆ, ಅದರ ಅಂಚು ನೇರ ಇಲ್ಲ. ಮಣಿಕಟ್ಟಿನ ಪಕ್ಕ ಮೂಳೆ ಚೂರು ಉಬ್ಬಿದೆ. ಈ ಒಳಗಿನ ಅಂಚುಗಳನ್ನೆಲ್ಲ, ಯಾವುದು ಮುಂದೆ ಯಾವುದು ಹಿಂದೆ ಎಂದು ಗೊತ್ತಾಗುವ ಹಾಗೆ ಎಳೆದರೆ ಅದು ಕಾಂಟೂರ್ ಡ್ರಾಯಿಂಗ್. ಶೇಡಿಂಗ್ ಒಂದು ಚೂರೂ ಬೇಡ. ಆದರೂ ಕೈ ದುಂಡಗೆ ಕಾಣುತ್ತದೆ.

ಇನ್ನೊಂದು ಗುಟ್ಟು ಗೆರೆಯ ದಪ್ಪದಲ್ಲಿದೆ. ಔಟ್‌ಲೈನ್ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ದಪ್ಪ. ಕಾಂಟೂರ್ ಗೆರೆ ಉಸಿರಾಡುತ್ತದೆ. ನೆರಳಿನ ಕಡೆ, ಭಾರ ಬಿದ್ದ ಕಡೆ ಒತ್ತಿ ಬರುತ್ತದೆ. ಬೆಳಕು ತಾಕಿದ ಕಡೆ ತೆಳುವಾಗಿ, ಕೆಲವೊಮ್ಮೆ ಕಡಿದೇ ಹೋಗುತ್ತದೆ. ಮೇಷ್ಟ್ರು ಕೇಳುತ್ತಿರುವುದು ಇದನ್ನೇ.

ಬ್ಲೈಂಡ್ ಕಾಂಟೂರ್ ಅಂದ್ರೆ ಕಣ್ಣು ಮುಚ್ಚಿ ಬರೆಯೋದಾ?

ಅಲ್ಲ. ಕಣ್ಣು ತೆರೆದೇ ಇರುತ್ತದೆ, ಆದರೆ ಕಾಗದದ ಮೇಲಲ್ಲ, ವಸ್ತುವಿನ ಮೇಲೆ. ಕಣ್ಣು ಅಂಚಿನ ಉದ್ದಕ್ಕೆ ಎಷ್ಟು ನಿಧಾನವಾಗಿ ಸರಿಯುತ್ತದೋ ಪೆನ್ಸಿಲ್ಲೂ ಅಷ್ಟೇ ನಿಧಾನ. ಕೈ ಎತ್ತಬಾರದು. ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೊನ್ ನಿಕೊಲೈಡೀಸ್ ಅವರ ಪಾಠಗಳು 1941ರಲ್ಲಿ, ಅವರ ನಿಧನದ ನಂತರ, ಪುಸ್ತಕವಾಗಿ ಬಂದಾಗ ಈ ಅಭ್ಯಾಸ ಎಲ್ಲೆಡೆ ಹರಡಿತು. ಪೆನ್ಸಿಲಿನ ಮೊನೆ ಕಾಗದವನ್ನಲ್ಲ, ಎದುರಿಗಿರುವ ವಸ್ತುವನ್ನೇ ಮುಟ್ಟುತ್ತಿದೆ ಎಂದು ನಂಬಿಕೊಂಡು ಎಳೆಯಿರಿ ಎನ್ನುವುದು ಅವರ ಪಾಠದ ತಿರುಳು.

ಬರುವ ಚಿತ್ರ ವಕ್ರವಾಗಿಯೇ ಇರುತ್ತದೆ. ಅದು ಪರವಾಗಿಲ್ಲ. ತಲೆಯಲ್ಲಿರುವ 'ಕಣ್ಣು ಅಂದ್ರೆ ಹೀಗೆ, ಮೂಗು ಅಂದ್ರೆ ಹೀಗೆ' ಎಂಬ ರೆಡಿಮೇಡ್ ಚಿತ್ರವನ್ನು ಬಿಟ್ಟು ನಿಜವಾಗಿ ನೋಡುವುದನ್ನು ಕಲಿಸುವುದಕ್ಕೆ ಇಷ್ಟು ಒಳ್ಳೆಯ ಅಭ್ಯಾಸ ಬೇರೆ ಇಲ್ಲ ಎಂದು ನನ್ನ ನಂಬಿಕೆ. 'ಬ್ಲೈಂಡ್ ಔಟ್‌ಲೈನ್' ಎಂದು ಇದನ್ನು ಯಾರೂ ಕರೆಯುವುದಿಲ್ಲ.

ಕ್ರಾಸ್ ಕಾಂಟೂರ್?

ಅಂಚಿನ ಗುಂಟ ಹೋಗದೆ, ಮೈಯ ಮೇಲೆ ಅಡ್ಡಲಾಗಿ ಹಾಯುವ ಗೆರೆ. ಉಂಗುರ ಬೆರಳನ್ನು ಸುತ್ತಿಕೊಂಡಿರುತ್ತದಲ್ಲ, ಆ ದಿಕ್ಕು. ಪಟ್ಟೆ ಪಟ್ಟೆ ತೋಳಿನ ಅಂಗಿ ಹಾಕಿದವರ ತೋಳು ನೋಡಿ, ಪಟ್ಟೆಗಳು ಬಾಗಿದ ರೀತಿಯಲ್ಲೇ ತೋಳಿನ ದುಂಡು ಗೊತ್ತಾಗುತ್ತದೆ. ವಸ್ತುವಿನ ಅಂಚನ್ನೇ ಮುಟ್ಟದೆ ಅದರ ಆಕಾರ ಹೇಳಬಲ್ಲ ಗೆರೆ ಇದು. ಔಟ್‌ಲೈನಿಗೆ ಇದು ಸಾಧ್ಯವೇ ಇಲ್ಲ.

ಆದರೆ ನಿಜವಾದ ವಸ್ತುಗಳಿಗೆ ಸುತ್ತ ಗೆರೆ ಇರೋದೇ ಇಲ್ವಲ್ಲ?

ಇಲ್ಲ, ನಿಜ. ಲಿಯೊನಾರ್ಡೊ ಡ ವಿಂಚಿ ಕೂಡ ತಮ್ಮ ಟಿಪ್ಪಣಿಗಳಲ್ಲಿ ಇದನ್ನೇ ಹೇಳಿದ್ದರು. ಅದಕ್ಕೇ ಅವರು ಅಂಚುಗಳನ್ನು ಹೊಗೆಯ ಹಾಗೆ ಕರಗಿಸಿ ಬಣ್ಣ ಹಚ್ಚಿದರು. ಆ ವಿಧಾನಕ್ಕೆ 'ಸ್ಫುಮಾತೊ' ಎಂದು ಹೆಸರು.

ಹಾಗಾದರೆ ಗೆರೆಯ ಚಿತ್ರ ನಮಗೆ ಯಾಕೆ ಅರ್ಥವಾಗುತ್ತದೆ? ಮಿದುಳಿನ ದೃಷ್ಟಿಯ ಭಾಗದಲ್ಲಿ ಅಂಚುಗಳಿಗೆ, ಅದರಲ್ಲೂ ಒಂದು ನಿರ್ದಿಷ್ಟ ಕೋನದಲ್ಲಿರುವ ಅಂಚುಗಳಿಗೆ ಸ್ಪಂದಿಸುವ ಕೋಶಗಳಿವೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1950ರ ದಶಕದ ಕೊನೆಯಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದನ್ನು ಕಂಡುಕೊಂಡರು. 1981ರಲ್ಲಿ ನೊಬೆಲ್ ಬಂತು. ಬೆಳಕು ಬದಲಾಗುವ ಜಾಗಕ್ಕೆ ಸ್ಪಂದಿಸುವ ಕೋಶ, ಪೆನ್ಸಿಲ್ ಗೆರೆಗೂ ಸ್ಪಂದಿಸುತ್ತದೆ.

ಇನ್ನೂ ಅಚ್ಚರಿಯದು ಇಟಲಿಯ ಮನಶ್ಶಾಸ್ತ್ರಜ್ಞ ಗಯೆಟಾನೊ ಕನಿಝ್ಸಾ 1955ರಲ್ಲಿ ತೋರಿಸಿದ ತ್ರಿಕೋನ. ಒಂದೊಂದು ತುಂಡು ಕತ್ತರಿಸಿದ ಮೂರು ಕಪ್ಪು ವೃತ್ತಗಳನ್ನು ಸರಿಯಾಗಿ ಇಟ್ಟರೆ ನಡುವೆ ಬೆಳ್ಳಗೆ ತ್ರಿಕೋನ ಕಾಣುತ್ತದೆ. ಅದರ ಅಂಚು ಕಾಗದದಲ್ಲಿ ಎಲ್ಲೂ ಇಲ್ಲ. ಇಂಥ ಅಂಚನ್ನು ಇಂಗ್ಲಿಷಿನಲ್ಲಿ 'ಇಲ್ಯೂಸರಿ ಕಾಂಟೂರ್' ಎನ್ನುತ್ತಾರೆ. ಯಾರೂ ಎಳೆಯದ ಗೆರೆ, ನೋಟಕ್ಕೆ ಸಿಕ್ಕ ಗೆರೆ. ಅದಕ್ಕೇ ಅಲ್ಲಿ ಕಾಂಟೂರ್ ಎಂಬ ಪದ ನಿಂತಿದೆ.

ಮೇಕಪ್‌ನಲ್ಲಿ ಕಾಂಟೂರಿಂಗ್ ಅಂತಾರಲ್ಲ, ಅದೂ ಇದೇನಾ?

ಅದೇ. ತುಟಿಗೆ ಲೈನರ್ ಎಳೆಯುವುದು ಔಟ್‌ಲೈನ್. ಕೆನ್ನೆಮೂಳೆಯ ಕೆಳಗೆ, ಮೂಗಿನ ಎರಡೂ ಪಕ್ಕ ಚರ್ಮಕ್ಕಿಂತ ಒಂದೆರಡು ಶೇಡ್ ಕಡು ಬಣ್ಣ ಹಚ್ಚಿ ಬೆರೆಸುವುದು ಕಾಂಟೂರ್. ಕಡು ಬಣ್ಣ ತಗ್ಗಿನ ಭ್ರಮೆ ಕೊಡುತ್ತದೆ. ಗೆರೆ ಕಾಣಿಸಿದರೆ ಕಾಂಟೂರ್ ಕೆಟ್ಟಿತು, ಗೆರೆ ಕಾಣಿಸದಿದ್ದರೆ ಲೈನರ್ ಕೆಟ್ಟಿತು.

## ನೆಲ, ನಕ್ಷೆ

ಕಾಂಟೂರ್ ಗೆರೆಗಳನ್ನು ನೋಡಿ ಬೆಟ್ಟ ಓದೋದು ಹೇಗೆ?

ಒಂದು ಗೆರೆಯ ಮೇಲಿನ ಎಲ್ಲ ಬಿಂದುಗಳೂ ಒಂದೇ ಎತ್ತರದಲ್ಲಿವೆ. ಇಷ್ಟು ಹಿಡಿದುಕೊಂಡರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಗೆರೆಯ ಮೇಲೇ ನಡೆದರೆ ನೀವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗೆರೆಯಿಂದ ಗೆರೆಗೆ ದಾಟಿದರೆ ನಿಗದಿಯಾದಷ್ಟು ಎತ್ತರ ಬದಲಾಗುತ್ತದೆ. ಆ ಅಂತರ 20 ಮೀಟರ್ ಎಂದಿಟ್ಟುಕೊಳ್ಳಿ. ಐದು ಅಂತರ ದಾಟಿದರೆ 100 ಮೀಟರ್ ಏರಿದಿರಿ. ಎಣಿಸಲು ಸುಲಭವಾಗಲಿ ಅಂತ ಸಾಮಾನ್ಯವಾಗಿ ಪ್ರತಿ ಐದನೆಯ ಗೆರೆಯನ್ನು ದಪ್ಪ ಮಾಡಿ ಎತ್ತರ ಬರೆದಿರುತ್ತಾರೆ.

ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ನಿಧಾನ ಇಳಿಜಾರು. ಕಣಿವೆಯಲ್ಲಿ ಗೆರೆಗಳು ಮೊನೆಯಾಗಿ ಬಾಗುತ್ತವೆ. ಆ ಮೊನೆ ಹಳ್ಳದ ಮೇಲುಗಡೆಗೆ, ಅಂದರೆ ನೀರು ಬರುವ ಕಡೆಗೆ ತಿರುಗಿರುತ್ತದೆ. ಹೊಸಬರು ಇದನ್ನು ಉಲ್ಟಾ ಓದುತ್ತಾರೆ, ಜೋಪಾನ. ಎರಡು ಕಾಂಟೂರ್‌ಗಳು ಒಂದನ್ನೊಂದು ದಾಟುವುದಿಲ್ಲ. ಚಾಚಿಕೊಂಡ ಬಂಡೆಯ ಕೆಳಗೆ ನೆಲ ಒಳಹೊಕ್ಕಿರುವಂಥ ಅಪರೂಪದ ಕಡೆ ಮಾತ್ರ ಇದಕ್ಕೆ ವಿನಾಯಿತಿ.

ಈ ಕಾಂಟೂರ್ ಗೆರೆಗಳನ್ನು ಮೊದಲು ಯಾರು ಕಂಡುಹಿಡಿದರು?

ಒಬ್ಬರ ಹೆಸರು ಹೇಳಲಾಗದು. ಮೊದಲು ಬಂದದ್ದು ನೆಲದ ಎತ್ತರವಲ್ಲ, ನೀರಿನ ಆಳ. ಡಚ್ ಸರ್ವೇಯರ್ ನಿಕೊಲಾಸ್ ಕ್ರುಕಿಯಸ್ 18ನೇ ಶತಮಾನದ ಮೊದಲರ್ಧದಲ್ಲಿ ಮೆರ್ವೆಡೆ ನದಿಯ ತಳವನ್ನು ಸಮಾನ ಆಳದ ಗೆರೆಗಳಲ್ಲಿ ತೋರಿಸಿದರು. ಫ್ರಾನ್ಸಿನ ಫಿಲಿಪ್ ಬ್ಯುವಾಶ್ ಇಂಗ್ಲಿಷ್ ಚಾನೆಲ್ಲಿಗೆ ಅದೇ ಮಾಡಿದರು. ಹಡಗು ನಡೆಸುವವರಿಗೆ ಆಳ ಗೊತ್ತಿರುವುದು ಪ್ರಾಣದ ಪ್ರಶ್ನೆಯಾಗಿತ್ತಲ್ಲ.

ಬೆಟ್ಟದ ಕಥೆ ಇನ್ನೂ ಚೆನ್ನಾಗಿದೆ. 1774ರಲ್ಲಿ ಖಗೋಳವಿಜ್ಞಾನಿ ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟಕ್ಕೆ ಹೋದರು. ತೂಗುಗುಂಡಿನ ದಾರವನ್ನು ಬೆಟ್ಟ ತನ್ನತ್ತ ಎಷ್ಟು ಎಳೆಯುತ್ತದೆ ಎಂದು ಅಳೆದು, ಅದರಿಂದ ಭೂಮಿಯ ಸಾಂದ್ರತೆ ಲೆಕ್ಕ ಹಾಕುವುದು ಉದ್ದೇಶ. ಅದಕ್ಕೆ ಬೆಟ್ಟದ ಗಾತ್ರ ನಿಖರವಾಗಿ ಬೇಕು. ಸರ್ವೆಯಿಂದ ಎತ್ತರದ ಅಂಕಿಗಳು ರಾಶಿ ರಾಶಿ ಬಂದವು. ಗಣಿತಜ್ಞ ಚಾರ್ಲ್ಸ್ ಹಟನ್ ಆ ಅಂಕಿಗಳಲ್ಲಿ ಒಂದೇ ಎತ್ತರದ ಬಿಂದುಗಳನ್ನು ತೆಳು ಗೆರೆಯಿಂದ ಸೇರಿಸಿದರು. ಬೆಟ್ಟದ ಆಕಾರ ಕಣ್ಣೆದುರು ಎದ್ದು ನಿಂತಿತು. 1778ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಭೂಮಿ ನೀರಿಗಿಂತ ಸುಮಾರು 4.5 ಪಟ್ಟು ಸಾಂದ್ರ. ಇವತ್ತಿನ ಲೆಕ್ಕ ಸುಮಾರು 5.5.

ಬೆಟ್ಟದ ಔಟ್‌ಲೈನ್ ಮಾತ್ರ ಇದ್ದಿದ್ದರೆ ಹಟನ್‌ಗೆ ಈ ಲೆಕ್ಕ ಹಾಕಲು ಆಗುತ್ತಿರಲಿಲ್ಲ. ಔಟ್‌ಲೈನಿನಿಂದ ವಿಸ್ತೀರ್ಣ ಸಿಗುತ್ತದೆ. ಗಾತ್ರ ಬೇಕಾದರೆ ಕಾಂಟೂರ್ ಬೇಕು.

ಹೊಲದಲ್ಲಿ ಕಾಂಟೂರ್ ಬದು ಹಾಕಿ ಅಂತಾರೆ. ಹೊಲದ ಸುತ್ತಲಿನ ಬದು ಅಂತಲಾ?

ಅಲ್ಲ. ಹೊಲದ ಸುತ್ತಲಿನ ಬದು ಗಡಿ, ಅದು ಹೊಲದ ಔಟ್‌ಲೈನ್. ಕಾಂಟೂರ್ ಬದು ಹೊಲದೊಳಗೆ ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಹೋಗುವ ಬದು. ಮಳೆನೀರು ಓಡದೆ ಅಲ್ಲಲ್ಲೇ ನಿಂತು ಇಂಗುತ್ತದೆ, ಮಣ್ಣೂ ಉಳಿಯುತ್ತದೆ. ಮಟ್ಟ ಕಂಡುಕೊಳ್ಳಲು ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಎರಡೂ ತುದಿಯನ್ನು ಒಂದೇ ಅಳತೆಯ ಕೋಲುಗಳಿಗೆ ಕಟ್ಟಿ ದೂರ ದೂರ ನಿಲ್ಲಿಸಿ. ಎರಡೂ ಕೋಲಿನ ಬುಡದಿಂದ ನೀರಿನ ಮಟ್ಟ ಒಂದೇ ಎತ್ತರಕ್ಕೆ ಬಂದರೆ ಆ ಎರಡು ಜಾಗ ಒಂದೇ ಕಾಂಟೂರಿನಲ್ಲಿವೆ. ಅಲ್ಲಿ ಗೂಟ ಹೊಡೆದು ಮುಂದೆ ಸರಿಯಿರಿ.

## ಕಂಪ್ಯೂಟರ್ ಮತ್ತು ವಿಜ್ಞಾನ

ಕೋರೆಲ್‌ಡ್ರಾದಲ್ಲಿ ಔಟ್‌ಲೈನ್ ಪೆನ್ ಬೇರೆ, ಕಾಂಟೂರ್ ಟೂಲ್ ಬೇರೆ ಇದೆ. ಯಾಕೆ?

ಔಟ್‌ಲೈನ್ ಪೆನ್ ಆಕಾರದ ಅಂಚಿಗೆ ಬಣ್ಣ, ದಪ್ಪ ಕೊಡುತ್ತದೆ. ಹೊಸ ಆಕಾರ ಹುಟ್ಟುವುದಿಲ್ಲ. ಕಾಂಟೂರ್ ಟೂಲ್ ಅದೇ ಆಕಾರವನ್ನು ಒಳಗೆ ಅಥವಾ ಹೊರಗೆ ಸಮ ಅಂತರದಲ್ಲಿ ಸಾಲಾಗಿ ಮೂಡಿಸುತ್ತದೆ. ನಕ್ಷೆಯ ಗೆರೆಗಳ ಹಾಗೆಯೇ ಒಂದರೊಳಗೊಂದು. ಅಕ್ಷರದ ಸುತ್ತ ಎರಡು ಮೂರು ಬಣ್ಣದ ಪದರ ಬೇಕಾದಾಗ ಕಾಂಟೂರ್ ಬಳಸಿ. ಸ್ಟಿಕರ್ ಪ್ರಿಂಟಿಂಗ್‌ನಲ್ಲಿ ಹೇಳುವ ಕಾಂಟೂರ್ ಕಟಿಂಗ್ ಎಂದರೆ ಚೌಕವಾಗಿ ಅಲ್ಲ, ಚಿತ್ರದ ಅಂಚಿನ ಬಾಗು ಅನುಸರಿಸಿ ಬ್ಲೇಡ್ ಓಡುವುದು.

ಇಲಸ್ಟ್ರೇಟರ್‌ನಲ್ಲಿ 'ಕ್ರಿಯೇಟ್ ಔಟ್‌ಲೈನ್ಸ್' ಕೊಟ್ಟ ಮೇಲೆ ಅಕ್ಷರ ತಿದ್ದೋಕೆ ಬರಲ್ಲ, ಯಾಕೆ?

ಆ ಹೊತ್ತಿನಿಂದ ಅದು ಅಕ್ಷರವಾಗಿ ಉಳಿದಿಲ್ಲ, ಬರಿಯ ಆಕಾರ. ಫಾಂಟಿನೊಳಗೆ ಪ್ರತಿ ಅಕ್ಷರವೂ ಬಾಗುಗೆರೆಗಳ ಔಟ್‌ಲೈನಾಗಿಯೇ ಇರುತ್ತದೆ. ಈ ಆಜ್ಞೆ ಆ ಗೆರೆಗಳನ್ನು ಹೊರತೆಗೆದು ಕೊಡುತ್ತದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ಮಾಡುವ ಮುಂಚೆ ಮೂಲ ಫೈಲಿನ ಒಂದು ಪ್ರತಿ ಉಳಿಸಿಕೊಳ್ಳಿ.

ಇಮೇಜ್ ಪ್ರೊಸೆಸಿಂಗ್‌ನಲ್ಲಿ ಎಡ್ಜ್ ಮತ್ತು ಕಾಂಟೂರ್ ಒಂದೇನಾ?

ಅಲ್ಲ. ಪಕ್ಕಪಕ್ಕದ ಪಿಕ್ಸೆಲ್‌ಗಳ ಬೆಳಕಿನಲ್ಲಿ ಥಟ್ಟನೆ ಬದಲಾವಣೆ ಇದ್ದ ಕಡೆ ಎಡ್ಜ್. ಅದು ತುಂಡು ತುಂಡಾಗಿ ಸಿಗಬಹುದು. 1986ರಲ್ಲಿ ಜಾನ್ ಕ್ಯಾನಿ ಪ್ರಕಟಿಸಿದ ವಿಧಾನ ಇವತ್ತಿಗೂ ಎಡ್ಜ್ ಹುಡುಕಲು ಬಳಕೆಯಲ್ಲಿದೆ. ಕಾಂಟೂರ್ ಎಂದರೆ ಒಂದು ವಸ್ತುವಿನ ಗಡಿಯ ಬಿಂದುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ. ಚಿತ್ರ ವಿಶ್ಲೇಷಣೆಗೆ ಪ್ರೋಗ್ರಾಂ ಬರೆಯುವವರು ಬಳಸುವ ಓಪನ್‌ಸಿವಿ ಎಂಬ ಲೈಬ್ರರಿಯಲ್ಲಿ ಹೊರಗಿನ ಕಾಂಟೂರ್ ಮಾತ್ರ ಕೇಳಬಹುದು, ಇಲ್ಲವೇ ಒಳಗಿನ ತೂತುಗಳ ಕಾಂಟೂರ್‌ಗಳನ್ನೂ ಯಾವುದರೊಳಗೆ ಯಾವುದು ಎಂಬ ಸಂಬಂಧದ ಜೊತೆ ಕೇಳಬಹುದು. ಸಾಮಾನ್ಯ ಭಾಷೆಯ ಔಟ್‌ಲೈನ್ ಅಂದರೆ ಆ ಮೊದಲನೆಯದು ಮಾತ್ರ.

ಕ್ಯಾನ್ಸರ್ ರೇಡಿಯೇಶನ್‌ಗೆ ಮುಂಚೆ 'ಕಾಂಟೂರಿಂಗ್' ಮಾಡ್ತೀವಿ ಅಂದ್ರು. ಅದೇನು?

ಸಿಟಿ ಸ್ಕ್ಯಾನಿನಲ್ಲಿ ಮೈಯ ಅಡ್ಡ ಸೀಳಿಕೆಯ ಚಿತ್ರಗಳು ಪದರ ಪದರವಾಗಿ ಬರುತ್ತವೆ. ಪ್ರತಿ ಪದರದಲ್ಲೂ ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಇದೆ, ಕಾಪಾಡಬೇಕಾದ ಅಂಗಗಳು ಎಲ್ಲಿವೆ ಎಂದು ವೈದ್ಯರು ಗೆರೆ ಎಳೆದು ಗುರುತಿಸುತ್ತಾರೆ. ಬಿಡಿ ಪದರದಲ್ಲಿ ನೋಡಿದರೆ ಅದು ಔಟ್‌ಲೈನೇ. ಪದರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಗಡ್ಡೆಯ ಪೂರ್ತಿ ಗಾತ್ರ, ಆಕಾರ ಸಿಗುತ್ತದೆ. ಕಿರಣಗಳ ಯೋಜನೆ ಅದರ ಮೇಲೆ ನಿಲ್ಲುತ್ತದೆ. ಹಟನ್ ಬೆಟ್ಟಕ್ಕೆ ಮಾಡಿದ ಕೆಲಸವೇ ಇದು. ನಿಧಾನವಾಗಿ, ಎಚ್ಚರದಿಂದ ಮಾಡುವ ಕೆಲಸ. ಸಮಯ ಹಿಡಿಯುತ್ತದೆ ಎಂದು ಹೇಳಿದರೆ ಗಾಬರಿಯಾಗಬೇಡಿ.

ಸ್ವರಕ್ಕೂ ಕಾಂಟೂರ್ ಇದೆ ಅಂತಾರೆ. ಸ್ವರಕ್ಕೆ ಎಲ್ಲಿಯ ಗೆರೆ?

ಮಾತಿನಲ್ಲಿ ದನಿ ಏರಿ ಇಳಿಯುವ ದಾರಿಗೆ ಪಿಚ್ ಕಾಂಟೂರ್ ಎನ್ನುತ್ತಾರೆ. 'ಬಂದ್ರಾ' ಎಂದು ಕೇಳುವಾಗ ಕೊನೆಗೆ ದನಿ ಮೇಲೇರುತ್ತದೆ, 'ಬಂದ್ರು' ಎಂದು ಹೇಳುವಾಗ ಇಳಿಯುತ್ತದೆ. ಮ್ಯಾಂಡರಿನ್ ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರ ದನಿಯ ಏರಿಳಿತ ಬದಲಾದರೆ ಬೇರೆ ಪದವಾಗುತ್ತದೆ. ಆ ಭಾಷೆಗೆ ನಾಲ್ಕು ಮುಖ್ಯ ಸ್ವರಭೇದಗಳು: ಒಂದು ಮೇಲೆ ಸಮವಾಗಿ ನಿಲ್ಲುತ್ತದೆ, ಒಂದು ಏರುತ್ತದೆ, ಒಂದು ತಗ್ಗಿ ಏಳುತ್ತದೆ, ಒಂದು ಬೀಳುತ್ತದೆ. ಇಂಥವಕ್ಕೆ ಭಾಷಾಶಾಸ್ತ್ರದವರು ಕಾಂಟೂರ್ ಟೋನ್ ಎಂದು ಹೆಸರಿಟ್ಟಿದ್ದಾರೆ. ದನಿಗೆ ಹೊರ ಅಂಚು ಎಂಬುದಿಲ್ಲ, ಆದ್ದರಿಂದ ಔಟ್‌ಲೈನ್ ಎಂಬ ಪದ ಅಲ್ಲಿ ಬರಲಿಲ್ಲ.

ಗಣಿತದ ಕಾಂಟೂರ್ ಇಂಟೆಗ್ರಲ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಆದರೆ ಅಲ್ಲಿ ಎತ್ತರದ ಮಾತಿಲ್ಲ. ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ನಾವು ಆರಿಸಿಕೊಂಡು ನಡೆಯುವ ದಾರಿಗೆ ಕಾಂಟೂರ್ ಎಂದು ಹೆಸರು. ಆ ದಾರಿಯ ಉದ್ದಕ್ಕೂ ಫಂಕ್ಷನ್ನನ್ನು ಕೂಡಿಸುತ್ತಾ ಹೋಗುವುದೇ ಕಾಂಟೂರ್ ಇಂಟೆಗ್ರಲ್. ಪದದ ಹಳೆಯ ಅರ್ಥ, ಸುತ್ತಿಕೊಂಡು ಹೋಗುವುದು, ಅದೇ ಇಲ್ಲಿ ಉಳಿದಿದೆ. ಕಾಂಟೂರ್ ಪ್ಲಾಟ್ ಬೇರೆ, ಅದು ನೇರ ನಕ್ಷೆಯ ಸಂಬಂಧಿ: ಎರಡು ಚರಗಳ ಫಂಕ್ಷನ್ ಎಲ್ಲೆಲ್ಲಿ ಒಂದೇ ಬೆಲೆ ಪಡೆಯುತ್ತದೋ ಆ ಬಿಂದುಗಳನ್ನು ಸೇರಿಸಿದ ಗೆರೆಗಳು. ಒಂದೇ ಪುಸ್ತಕದಲ್ಲಿ ಎರಡೂ ಸಿಕ್ಕಿದರೆ ಮೊದಲನೆಯದನ್ನು ದಾರಿ ಎಂದೂ ಎರಡನೆಯದನ್ನು ಸಮಬೆಲೆಯ ಗೆರೆ ಎಂದೂ ಓದಿಕೊಳ್ಳಿ.